ಆರ್ನುಲ್ಫನ ತಂದೆ ಯಾರು, ಬಿಯರಿನ ಸಂತ ಯಾರು?

ಪ್ರಶ್ನೆ: ಮದುವೆಯಾದ ಮೇಲೆ ಬೆಲ್ಜಿಯಂನ ಲೂವೆನ್ ಬಳಿ ನೆಲೆಸಿದ್ದೇನೆ. ಮಾವನವರು ಬಿಯರ್ ತಯಾರಿಕೆಯಲ್ಲೇ ಬದುಕು ಕಳೆದವರು. ಅವರ ಎಪ್ಪತ್ತೈದನೇ ಹುಟ್ಟುಹಬ್ಬಕ್ಕೆ ಮನೆತನದ ವಂಶವೃಕ್ಷವನ್ನು ಪುಸ್ತಕವಾಗಿ ಅಚ್ಚು ಹಾಕಿಸುವ ಆಸೆ. ಆನ್‌ಲೈನ್ ವಂಶವೃಕ್ಷದ ತಾಣವೊಂದರಲ್ಲಿ ಅವರ ಮನೆತನ ಶಾರ್ಲ್‌ಮೇನ್ ಚಕ್ರವರ್ತಿಯವರೆಗೆ, ಅಲ್ಲಿಂದ ಇಂದಿನ ಫ್ರಾನ್ಸ್‌ನ ಮೆಟ್ಸ್ ಊರಿನ ಸಂತ ಆರ್ನುಲ್ಫನವರೆಗೆ, ಅವನಿಂದಲೂ ಮೇಲೆ ರೋಮನ್ ಸೆನೆಟರುಗಳವರೆಗೆ ಹೋಗುತ್ತದೆ. ಆದರೆ ಒಂದು ಪುಟದಲ್ಲಿ ಆರ್ನುಲ್ಫನ ತಂದೆ ಆರ್ನೋಆಲ್ಡ್, ಇನ್ನೊಂದರಲ್ಲಿ ಬೋಡೆಗಿಸೆಲ್. ಮನೆಯಲ್ಲಿ ಒಂದು ಹಳೆಯ ಮರದ ವಿಗ್ರಹವಿದೆ: ಬಿಷಪ್ ವೇಷ, ಕೈಯಲ್ಲಿ ದೋಣಿಯ ಹುಟ್ಟಿನಂಥ ಕೋಲು. ‘ಇವನೇ ನಮ್ಮ ಪೂರ್ವಜ, ಬಿಯರಿನ ಸಂತ’ ಎನ್ನುತ್ತಾರೆ ಮಾವ. ಪಕ್ಕದ ಮನೆಯವರು ‘ಅವನು ಮೆಟ್ಸ್‌ನವನಲ್ಲ, ನಮ್ಮ ಫ್ಲಾಂಡರ್ಸ್‌ನವನು’ ಅನ್ನುತ್ತಾರೆ. ಅಚ್ಚಾದ ಮೇಲೆ ತಪ್ಪೆಂದು ತಿಳಿದರೆ ಮುಜುಗರ. ಯಾವುದನ್ನು ನಂಬಲಿ, ಏನು ಬರೆಯಲಿ?

ಉತ್ತರ: ಮೂರು ಬೇರೆ ಬೇರೆ ಪ್ರಶ್ನೆಗಳು ನಿಮ್ಮ ಪತ್ರದಲ್ಲಿ ಒಂದಕ್ಕೊಂದು ಸುತ್ತಿಕೊಂಡಿವೆ. ಮೊದಲು ಬಿಡಿಸಿಟ್ಟು ಚುಟುಕಾಗಿ ಹೇಳಿಬಿಡುತ್ತೇನೆ. ಆರ್ನುಲ್ಫನ ತಂದೆ ಯಾರೆಂದು ಅವನ ಕಾಲದ ಯಾವ ಬರಹವೂ ಹೇಳುವುದಿಲ್ಲ. ನೀವು ನೋಡಿದ ಎರಡು ಹೆಸರುಗಳೂ ನಂತರ ಸೇರಿಸಿದವು. ಆರ್ನುಲ್ಫನಿಂದ ಕೆಳಗೆ ಶಾರ್ಲ್‌ಮೇನ್‌ವರೆಗಿನ ಸಾಲು ಬಹುಮಟ್ಟಿಗೆ ಒಪ್ಪಬಹುದಾದದ್ದು, ಅದರಲ್ಲಿ ಒಂದು ಕೊಂಡಿ ಮಾತ್ರ ಸ್ವಲ್ಪ ಸಡಿಲ. ಇನ್ನು ವಿಗ್ರಹ: ಪಕ್ಕದ ಮನೆಯವರ ಮಾತೇ ಸರಿ ಇರುವ ಸಂಭವ ಹೆಚ್ಚು.

ಈ ಸಂತನ ವಿಷಯದಲ್ಲಿ ಒಂದು ಸೂತ್ರ ನೆನಪಿಟ್ಟುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ಬರಹ ಹಳೆಯದಾದಷ್ಟೂ ಆರ್ನುಲ್ಫನಿಗೆ ಬಂಧುಗಳು ಕಡಿಮೆ, ಹೊಸದಾದಷ್ಟೂ ಹೆಚ್ಚು. ಹಾಗಾಗಿ ‘ಇವನು ಯಾರ ಮಗ’ ಎಂದು ಕೇಳುವ ಮೊದಲು ‘ಹಾಗೆಂದು ಮೊದಲು ಹೇಳಿದವರು ಯಾರು, ಯಾವ ವರ್ಷ’ ಎಂದು ಕೇಳಬೇಕು.

ಹಳೆಯ ಚರಿತ್ರೆಯಲ್ಲಿ ಇರುವುದು, ಇಲ್ಲದಿರುವುದು

ಆರ್ನುಲ್ಫ್ ಕಲ್ಪನೆಯ ವ್ಯಕ್ತಿಯಲ್ಲ. ಫ್ರಾಂಕರ ರಾಜ್ಯದ ಪೂರ್ವಭಾಗವಾದ ಆಸ್ಟ್ರೇಷಿಯಾದಲ್ಲಿ ರಾಜ 2ನೇ ಥಿಯುಡೆಬರ್ಟನ ಆಸ್ಥಾನದಲ್ಲಿ, ಗುಂಡುಲ್ಫ್ ಎಂಬ ಹಿರಿಯ ಅಧಿಕಾರಿಯ ಕೈಕೆಳಗೆ ಪಳಗಿದವನು. ಆರು ಪ್ರಾಂತಗಳ ಅರಮನೆ ಭೂಮಿಯ ಆಡಳಿತ ಅವನ ಕೈಗೆ ಬಂತು. 613ರಲ್ಲಿ ಅವನೂ ಅಲ್ಲಿನ ಇನ್ನೊಬ್ಬ ಕುಲೀನ ಹಿರಿಯ ಪಿಪಿನ್ನನೂ ಸೇರಿ ಪಶ್ಚಿಮಭಾಗವಾದ ನ್ಯೂಸ್ಟ್ರಿಯಾದ ರಾಜ 2ನೇ ಕ್ಲೋಥಾರನನ್ನು ಆಸ್ಟ್ರೇಷಿಯಾಕ್ಕೆ ಕರೆತಂದರು. ಅಲ್ಲಿ ಆಳುತ್ತಿದ್ದ ರಾಣಿ ಬ್ರುನ್‌ಹಿಲ್ಡಳ ಅಂತ್ಯ ಆದದ್ದು ಆಗಲೇ. ಸುಮಾರು 614ರಲ್ಲಿ ಆರ್ನುಲ್ಫ್ ಮೆಟ್ಸ್‌ನ ಬಿಷಪ್ ಆದ. 623ರಲ್ಲಿ ಕ್ಲೋಥಾರನ ಮಗ ಡಾಗೊಬರ್ಟ್ ಆಸ್ಟ್ರೇಷಿಯಾದ ಗದ್ದುಗೆಗೆ ಬಂದಾಗ ಅವನಿಗೆ ಬುದ್ಧಿ ಹೇಳುತ್ತಿದ್ದವರು ಈ ಇಬ್ಬರೇ. 629ರ ಹೊತ್ತಿಗೆ ಎಲ್ಲ ಬಿಟ್ಟು ವೋಜ್ ಬೆಟ್ಟಸಾಲಿಗೆ, ಗೆಳೆಯ ರೊಮಾರಿಕ್ ಕಟ್ಟಿದ ಮಠದ ಹತ್ತಿರ ಏಕಾಂತಕ್ಕೆ ಹೋದ. ಇಂದಿನ ರೆಮಿರ್‌ಮೋಂ ಅದು. ಸುಮಾರು 640ರಲ್ಲಿ ಅಲ್ಲೇ ತೀರಿಕೊಂಡ. ಅವನ ನಂತರ ಬಿಷಪ್ ಆಗಿದ್ದ ಗೋಎರಿಕ್ ದೇಹವನ್ನು ಮೆಟ್ಸ್‌ಗೆ ತರಿಸಿ ಊರಾಚೆಯ ಅಪೊಸ್ತಲರ ಚರ್ಚಿನಲ್ಲಿ ಇರಿಸಿದ. ಆ ಚರ್ಚೇ ಮುಂದೆ ಸಂತ ಆರ್ನುಲ್ಫನ ಮಠವಾಯಿತು.

ಅವನ ಅತಿ ಹಳೆಯ ಸಂತಚರಿತ್ರೆ ಲ್ಯಾಟಿನ್‌ನಲ್ಲಿದೆ. ಬರೆದವನ ಹೆಸರು ಸಿಕ್ಕಿಲ್ಲ. ಕಾಲ 7ನೇ ಶತಮಾನ ಎಂಬುದೇ ಬಹುಮತ. ಹುಟ್ಟಿನ ಬಗ್ಗೆ ಅದು ಹೇಳುವುದು ಒಂದೇ ವಾಕ್ಯದಷ್ಟು: ಫ್ರಾಂಕರ ಕುಲದಲ್ಲಿ, ಉನ್ನತ ಮನೆತನದಲ್ಲಿ, ಬಹಳ ಆಸ್ತಿಯುಳ್ಳವನಾಗಿ ಹುಟ್ಟಿದ. ತಂದೆಯ ಹೆಸರಿಲ್ಲ, ತಾಯಿಯ ಹೆಸರಿಲ್ಲ, ಹುಟ್ಟಿದ ದಿನವಿಲ್ಲ. ಕುಲವಂತ ಹುಡುಗಿಯೊಬ್ಬಳನ್ನು ಮದುವೆಯಾದ ಎನ್ನುತ್ತದೆ, ಅವಳ ಹೆಸರೂ ಇಲ್ಲ. ನಿಮ್ಮ ತಾಣದಲ್ಲಿ ಹೆಂಡತಿ ‘ಡೋಡಾ’ ಎಂದೂ, ಜನನ ‘582, ಆಗಸ್ಟ್ 13’ ಎಂದೂ ಇದ್ದರೆ ಅವೆರಡೂ ಈ ಚರಿತ್ರೆಯಿಂದ ಬಂದವಲ್ಲ. 580ರ ಆಸುಪಾಸು ಹುಟ್ಟಿರಬಹುದು ಎಂಬುದು ಅವನ ಅಧಿಕಾರಾವಧಿಯಿಂದ ಹಿಂದಕ್ಕೆ ಲೆಕ್ಕ ಹಾಕಿದ ಊಹೆ.

ಒಂದು ಅಂಶವನ್ನು ಗಮನಿಸಿ: ಈ ಬರಹ ಅವನನ್ನು ‘ಫ್ರಾಂಕರ ಕುಲದವನು’ ಎನ್ನುತ್ತದೆಯೇ ಹೊರತು ರೋಮನ್ ಸೆನೆಟರ್ ಮನೆತನದವನು ಎನ್ನುವುದಿಲ್ಲ. ಆ ಕಾಲದಲ್ಲಿ ಸೆನೆಟರ್ ಮನೆತನ ಎಂಬುದು ಮುಚ್ಚಿಡುವ ಸಂಗತಿಯಾಗಿರಲಿಲ್ಲ. ಬಿಷಪ್‌ಗಳ ಚರಿತ್ರೆಕಾರರು ಅದನ್ನು ಮೊದಲ ಸಾಲಿನಲ್ಲೇ ಹೇಳಿಕೊಳ್ಳುತ್ತಿದ್ದರು. ಇದ್ದಿದ್ದರೆ ಇಲ್ಲೂ ಬರುತ್ತಿತ್ತು.

ಕಾಲು ಶತಮಾನದಲ್ಲಿ ಹುಟ್ಟಿದ ತಂದೆ

ಮುಂದಿನ ಮುಖ್ಯ ಸಾಕ್ಷಿ ಬರುವುದು ಸುಮಾರು 784ರಲ್ಲಿ. ಲೊಂಬಾರ್ಡ್ ವಿದ್ವಾಂಸ ಪೌಲ್ ಡೀಕನ್, ಮೆಟ್ಸ್‌ನ ಬಿಷಪ್ ಆಂಗಿಲ್ರಾಮನ ಕೋರಿಕೆಯ ಮೇರೆಗೆ ಆ ಊರಿನ ಬಿಷಪ್‌ಗಳ ಚರಿತ್ರೆ ಬರೆದ. ಆರ್ನುಲ್ಫನ ಮಕ್ಕಳಿಗೆ ಹೆಸರಿಟ್ಟು ಅವನನ್ನು ಶಾರ್ಲ್‌ಮೇನ್ ವಂಶದ ಬುಡದಲ್ಲಿ ನಿಲ್ಲಿಸಿದ್ದು ಈ ಪುಸ್ತಕ. ಹಿರಿಯ ಮಗ ಕ್ಲೋಡುಲ್ಫ್, ಕಿರಿಯವನು ಅನ್ಸೆಗಿಸೆಲ್. ಪೌಲ್ ಕಿರಿಯವನ ಹೆಸರನ್ನು ‘ಅನ್ಕಿಸಸ್’ ಎಂಬಂತೆ ಬರೆದು, ಟ್ರಾಯ್ ನಗರದ ಈನಿಯಸನ ತಂದೆಯ ಹೆಸರೇ ಇದು ಎನ್ನುತ್ತಾನೆ. ಆಸ್ತಿಯನ್ನೆಲ್ಲ ಬಡವರಿಗೆ ಹಂಚಲು ಆರ್ನುಲ್ಫ್ ಕೇಳಿದಾಗ ಹಿರಿಯವನು ಒಪ್ಪಲಿಲ್ಲ, ಕಿರಿಯವನು ಒಪ್ಪಿದ. ಅದಕ್ಕೇ ರಾಜ್ಯ ಕಿರಿಯವನ ಕುಡಿಗೆ ಬಂತು ಎಂಬ ಕಥೆಯೂ ಇಲ್ಲಿದೆ. ಆರ್ನುಲ್ಫ್ ಮೊಸೆಲ್ ನದಿಗೆ ಎಸೆದ ಉಂಗುರ ಮೀನಿನ ಹೊಟ್ಟೆಯಲ್ಲಿ ಮರಳಿ ಸಿಕ್ಕಿದ ಕಥೆಯನ್ನೂ ಪೌಲ್ ಹೇಳುತ್ತಾನೆ. ಅದನ್ನು ಶಾರ್ಲ್‌ಮೇನ್ ಬಾಯಿಂದಲೇ ಕೇಳಿದ್ದಂತೆ. ಶಕುಂತಲೆಯ ಉಂಗುರ ಬಲ್ಲ ನಮಗೆ ಈ ಕಥೆ ಹೊಸದಲ್ಲ; ಗ್ರೀಕರ ಪಾಲಿಕ್ರಟೀಸನ ಉಂಗುರವೂ ಇದೇ ಜಾತಿಯದು. ಮೆಟ್ಸ್ ಕ್ಯಾಥೆಡ್ರಲ್‌ನ ಭಂಡಾರದಲ್ಲಿ ಆರ್ನುಲ್ಫನದೆಂದು ಹೇಳುವ, ಕಲ್ಲಿನಲ್ಲಿ ಮೀನು ಕೆತ್ತಿದ ಉಂಗುರ ಇಂದಿಗೂ ಇದೆ. ಕೆತ್ತನೆಯೇ ಕಥೆಯನ್ನು ಹತ್ತಿರಕ್ಕೆ ಎಳೆದಿರಬೇಕು ಎಂಬುದು ನನ್ನ ಅಭಿಪ್ರಾಯ.

ನಿಮ್ಮ ಪ್ರಶ್ನೆಗೆ ಬೇಕಾದ ಸಾಕ್ಷಿ ಪೌಲನ ಮೌನದಲ್ಲಿದೆ. ಆರ್ನೋಆಲ್ಡ್ ಎಂಬಾತ ನಿಜವಾಗಿಯೂ ಆರ್ನುಲ್ಫನಿಗಿಂತ ಮುಂಚೆ ಮೆಟ್ಸ್‌ನ ಬಿಷಪ್ ಆಗಿದ್ದ. ಪೌಲನಿಗೆ ಅವನು ಗೊತ್ತು. ಅವನಿಗಿಂತ ಹಿಂದಿನ ಬಿಷಪ್ ಅಗಿಲುಲ್ಫ್ ಸೆನೆಟರ್ ಮನೆತನದ ತಂದೆಗೂ ಕ್ಲೋವಿಸ್ ರಾಜನ ಮಗಳಿಗೂ ಹುಟ್ಟಿದವನಂತೆ ಎಂದೂ, ಆರ್ನೋಆಲ್ಡ್ ಆ ಅಗಿಲುಲ್ಫನ ಸಂಬಂಧಿ ಎಂದೂ ಬರೆದಿದ್ದಾನೆ. ಆರ್ನುಲ್ಫನ ಹಿರಿಮೆ ಸಾರುವುದೇ ಪುಸ್ತಕದ ಉದ್ದೇಶ; ಆರ್ನೋಆಲ್ಡ್ ಅವನ ತಂದೆ ಎಂಬ ಮಾತು ಆಗ ಮೆಟ್ಸ್‌ನಲ್ಲಿ ಚಾಲ್ತಿಯಲ್ಲಿದ್ದರೆ ಪೌಲ್ ಬಿಡುತ್ತಿರಲಿಲ್ಲ. ಒಂದು ಅಕ್ಷರವೂ ಇಲ್ಲ.

ಕಾಲು ಶತಮಾನ ಕಳೆಯುವಷ್ಟರಲ್ಲಿ, 800ರಲ್ಲಿ ಶಾರ್ಲ್‌ಮೇನ್ ಚಕ್ರವರ್ತಿಯಾದ ನಂತರ, ‘ಚಕ್ರವರ್ತಿ ಕಾರ್ಲನ (ಅಂದರೆ ಶಾರ್ಲ್‌ಮೇನ್‌ನ) ವಂಶಸ್ಮರಣೆ’ ಎಂಬ ಪುಟ್ಟ ಬರಹ ಕಾಣಿಸಿಕೊಂಡಿತು. ಅದರ ಪ್ರಕಾರ ಸೆನೆಟರ್ ಕುಲದ ಅನ್ಸ್‌ಬರ್ಟ್ ಎಂಬಾತ ರಾಜ ಕ್ಲೋಥಾರನ ಮಗಳು ಬ್ಲಿಥಿಲ್ಡಳನ್ನು ಮದುವೆಯಾದ. ಅವರಿಗೆ ಆರ್ನೋಆಲ್ಡ್, ಫೆರಿಯೋಲಸ್, ಮೊಡೆರಿಕ್ ಎಂಬ ಗಂಡುಮಕ್ಕಳು, ಟಾರ್ಸಿಸಿಯಾ ಎಂಬ ಮಗಳು. ಆರ್ನೋಆಲ್ಡನ ಮಗ ಆರ್ನುಲ್ಫ್. ನಿಮ್ಮ ತಾಣದ ‘ರೋಮನ್ ಸೆನೆಟರ್’ ಸಾಲಿನ ಮೂಲ ಇದೇ. ಅದಕ್ಕೂ ಮೇಲಿನ ಹೆಸರುಗಳು ಆಧುನಿಕ ವಂಶಶೋಧಕರು ಈ ಬರಹವನ್ನು ಏಣಿಯಾಗಿ ಇಟ್ಟುಕೊಂಡು ಊಹೆಯಿಂದ ಹತ್ತಿದ ಮೆಟ್ಟಿಲುಗಳು.

ಈ ಏಣಿಯ ಮೊದಲ ಮೆಟ್ಟಿಲೇ ಅಲುಗಾಡುತ್ತದೆ. ಟೂರ್ ಪಟ್ಟಣದ ಬಿಷಪ್ ಗ್ರೆಗರಿ (ಮರಣ 594) 1ನೇ ಕ್ಲೋಥಾರನ ಮಕ್ಕಳನ್ನು ತಾಯಂದಿರ ಸಮೇತ ಪಟ್ಟಿ ಮಾಡಿದ್ದಾನೆ: ಏಳು ಗಂಡುಮಕ್ಕಳು, ಒಬ್ಬಳೇ ಮಗಳು ಕ್ಲೋಡೊಸಿಂಡ. ಅವಳು ಮದುವೆಯಾದದ್ದು ಲೊಂಬಾರ್ಡರ ರಾಜ ಆಲ್ಬೊಯಿನನನ್ನು. ಬ್ಲಿಥಿಲ್ಡ್ ಎಂಬವಳಿಲ್ಲ. ಫೆರಿಯೋಲಸ್ ಎಂಬುದು ಉಜೆಸ್‌ನ ಬಿಷಪ್ ಫೆರಿಯೋಲಸನಿಗೆ ಹೊಂದುತ್ತದೆ. ಅವನು 581ರಲ್ಲಿ ತೀರಿಕೊಂಡದ್ದನ್ನು, ಅವನು ಬರೆದ ಪತ್ರಗಳನ್ನು ಗ್ರೆಗರಿ ಮೆಚ್ಚಿ ನೆನೆಯುತ್ತಾನೆ. ಅವನು ರಾಜನ ಮೊಮ್ಮಗನಾಗಿದ್ದರೆ ಅದನ್ನು ಹೇಳದೆ ಬಿಡುವವನಲ್ಲ ಗ್ರೆಗರಿ. ಮೊಡೆರಿಕ್ ಎಂಬುದು ಅರಿಸಿಟಂನ ಬಿಷಪ್ ಮುಂಡೆರಿಕನಿಗೆ ಹೊಂದುತ್ತದೆ. ಅವನ ಬಗ್ಗೆಯೂ ಇಂಥ ನಂಟಿನ ಮಾತಿಲ್ಲ. ಅಂದರೆ ವಂಶಸ್ಮರಣೆ ಬರೆದವನು ನಿಜವಾಗಿ ಬದುಕಿದ್ದ ಬಿಷಪ್‌ಗಳನ್ನೇ ಆರಿಸಿಕೊಂಡು ಅವರನ್ನು ಅಣ್ಣತಮ್ಮಂದಿರನ್ನಾಗಿ ಮಾಡಿದ. ವ್ಯಕ್ತಿಗಳು ನಿಜ, ನಂಟು ಹೆಣೆದದ್ದು. ಆನ್‌ಲೈನ್ ವಂಶವೃಕ್ಷಗಳಲ್ಲಿ ಜನ ಮೋಸಹೋಗುವುದು ಇಲ್ಲಿಯೇ: ಹೆಸರನ್ನು ಹುಡುಕಿದಾಗ ‘ಹೌದು, ಈ ಬಿಷಪ್ ಇದ್ದ’ ಎಂದು ಸಿಗುತ್ತದೆ, ಹಾಗಾದರೆ ನಂಟೂ ಸರಿ ಎಂದು ಮುಂದೆ ಹೋಗುತ್ತಾರೆ.

ಕೆಲವು ತಾಣಗಳಲ್ಲಿ ಬ್ಲಿಥಿಲ್ಡ್ 2ನೇ ಕ್ಲೋಥಾರನ ಮಗಳು ಎಂದಿದೆ. ಇದನ್ನು ಕಂಡರೆ ತಕ್ಷಣ ಅಳಿಸಿ. 2ನೇ ಕ್ಲೋಥಾರ್ ಹುಟ್ಟಿದ್ದು 584ರಲ್ಲಿ. ಆರ್ನುಲ್ಫನಿಗೆ ಸರಿಸುಮಾರು ಓರಗೆಯವನು, ಅವನ ಮುತ್ತಜ್ಜನಾಗಲಾರ. 1ನೇ ಕ್ಲೋಥಾರನ ಮಗಳು ಎಂದಾದರೆ ವರ್ಷಗಳ ಲೆಕ್ಕ ಅಸಾಧ್ಯವೇನಲ್ಲ. ಅಲ್ಲಿ ಕೊರತೆ ಇರುವುದು ಸಾಕ್ಷಿಯದು.

ಬೋಡೆಗಿಸೆಲ್ ಎಂಬ ತಂದೆ ಇನ್ನೂ ತಡವಾಗಿ ಬಂದವನು. ಗುಂಡುಲ್ಫನ ಹೆಸರಿನಲ್ಲಿ ಎಷ್ಟೋ ಶತಮಾನಗಳ ನಂತರ ಬರೆದ ಸಂತಚರಿತ್ರೆಯಿಂದ ಆ ಸಾಲು ಹೊರಟಿತು. ಗ್ರೆಗರಿಯಲ್ಲಿ ಆ ಹೆಸರಿನ ದೊಡ್ಡ ಮನುಷ್ಯರು ಬರುತ್ತಾರೆ, ಆದರೆ ಆರ್ನುಲ್ಫನ ತಂದೆಯಾಗಿ ಅಲ್ಲ. ಇದರ ಜೊತೆಗೆ ತಾಯಿ ‘ಆಮೇಯ ಸಂತಳಾದ ಓಡಾ’ ಎಂದೂ ಸೇರಿಸುತ್ತಾರೆ. ಆಮೇ ನಿಮ್ಮ ಬೆಲ್ಜಿಯಂನಲ್ಲೇ, ಮ್ಯೂಸ್ ನದಿಯ ದಂಡೆಯಲ್ಲಿದೆ. 1977ರಲ್ಲಿ ಅಲ್ಲಿನ ಚರ್ಚಿನ ನೆಲದಡಿ ‘ಸಂತಳಾದ ಕ್ರೋಡೊಆರಾ’ ಎಂದು ಕೆತ್ತಿದ ಅಪರೂಪದ ಕಲ್ಲಿನ ಶವಪೆಟ್ಟಿಗೆ ಸಿಕ್ಕಿತು. ಓಡಾ ಎಂಬ ಹೆಸರಿನ ಹಿಂದೆ ಇರುವವಳು ಇವಳೇ ಎಂದು ವಿದ್ವಾಂಸರು ಗುರುತಿಸಿದರು. 634ರ ಅಡಾಲ್ಗಿಸೆಲ್ ಗ್ರಿಮೋ ಎಂಬ ಧರ್ಮಾಧಿಕಾರಿಯ ಉಯಿಲಿನಲ್ಲಿ ಆಮೇಯಲ್ಲಿ ಮಣ್ಣಾದ ಅವನ ಸೋದರತ್ತೆಯ ಪ್ರಸ್ತಾಪವಿದೆ. ಕಲ್ಲಿನ ಬರಹವಾಗಲಿ ಉಯಿಲಾಗಲಿ ಆರ್ನುಲ್ಫನ ಹೆಸರೆತ್ತುವುದಿಲ್ಲ. ಹೋಗಿ ನೋಡಬೇಕಾದ ವಸ್ತು ಹೌದು. ನಿಮ್ಮ ಪುಸ್ತಕದಲ್ಲಿ ಅಜ್ಜಿಯಾಗಿ ಅವಳನ್ನು ಕೂರಿಸಬೇಡಿ.

ಹೀಗೇಕೆ ಹೆಣೆದರು

751ರಲ್ಲಿ ಶಾರ್ಲ್‌ಮೇನ್‌ನ ತಂದೆ, ಮೂರನೇ ಪಿಪಿನ್, ಮೆರೋವಿಂಜಿಯನ್ ವಂಶದ ಕೊನೆಯ ರಾಜ 3ನೇ ಚಿಲ್ಡೆರಿಕನನ್ನು ಕೆಳಗಿಳಿಸಿ ಮಠಕ್ಕೆ ಕಳಿಸಿ ತಾನು ರಾಜನಾದ. ಅರಮನೆಯ ಕಾರ್ಯಭಾರಿಗಳ ಮನೆತನ ಗದ್ದುಗೆ ಏರಿದಾಗ ಅದಕ್ಕೆ ಹಳೆಯ ರಾಜರಕ್ತವೂ ಬೇಕಿತ್ತು, ದೈವಬಲವೂ ಬೇಕಿತ್ತು. ಸಂತನಾದ ಪೂರ್ವಜ ದೈವಬಲ ಒದಗಿಸಿದ. ಬ್ಲಿಥಿಲ್ಡ್ ರಾಜರಕ್ತ ಒದಗಿಸಿದಳು. ಅನ್ಸ್‌ಬರ್ಟ್ ರೋಮನ್ ಘನತೆ ತಂದ. ದಕ್ಷಿಣದ ಉಜೆಸ್, ಅರಿಸಿಟಂ ಬಿಷಪ್‌ಗಳು ಆ ಭಾಗದ ಹಕ್ಕುದಾರಿಕೆಗೆ ನೆರವಾದರು. ಇದೇ ಮನಸ್ಸು ಮಕ್ಕಳ ಹೆಸರಿನಲ್ಲೂ ಕಾಣುತ್ತದೆ: 778ರಲ್ಲಿ ಹುಟ್ಟಿದ ಅವಳಿಗಳಿಗೆ ಶಾರ್ಲ್‌ಮೇನ್ ಇಟ್ಟದ್ದು ಲೂಯಿ, ಲೊಥಾರ್ ಎಂದು, ಅಂದರೆ ಮೆರೋವಿಂಜಿಯನ್ ರಾಜರ ಕ್ಲೋವಿಸ್, ಕ್ಲೋಥಾರ್ ಹೆಸರುಗಳೇ.

ಮೆಟ್ಸ್ ಊರಿಗೂ ಇದರಲ್ಲಿ ಲಾಭವಿತ್ತು. 783ರಲ್ಲಿ ಶಾರ್ಲ್‌ಮೇನ್‌ನ ರಾಣಿ ಹಿಲ್ಡೆಗಾರ್ಡಳನ್ನು ಆರ್ನುಲ್ಫನ ಮಠದಲ್ಲೇ ಮಣ್ಣು ಮಾಡಿದರು. ಪೌಲ್ ಅವಳಿಗೂ ಅಲ್ಲಿ ಮಲಗಿದ್ದ ರಾಜಕುಮಾರಿಯರಿಗೂ ಸಮಾಧಿ ಪದ್ಯ ಬರೆದ, ಒಂದರಲ್ಲಿ ವಂಶವನ್ನು ಆರ್ನುಲ್ಫನವರೆಗೆ ಏರಿಸಿದ. 840ರಲ್ಲಿ ಚಕ್ರವರ್ತಿ ಲೂಯಿಯೂ ಅಲ್ಲಿಗೇ ಬಂದ. ಸಮಾಧಿ ಸ್ಥಳಕ್ಕೆ ರಾಜಮನೆತನ ಬಂದಂತೆಲ್ಲ ಸಂತನ ವಂಶಾವಳಿ ಬೆಳೆಯುವುದು ಸಹಜ. ಇಂದು ಆ ಮಠ ಇಲ್ಲ; 1552ರ ಮುತ್ತಿಗೆಗೆ ಊರನ್ನು ಸಜ್ಜುಗೊಳಿಸುವಾಗ ಗೋಡೆಯಾಚೆಯ ಕಟ್ಟಡಗಳ ಜೊತೆ ಅದನ್ನೂ ಕೆಡವಿದರು.

ಹೀಗೆ ಹೆಣೆದವರನ್ನು ಸುಳ್ಳುಗಾರರೆಂದು ಬೈಯುವ ಅಗತ್ಯವಿಲ್ಲ. ಅವರ ಬರಹ 6ನೇ ಶತಮಾನದ ಬಗ್ಗೆ ದುರ್ಬಲ ಸಾಕ್ಷಿ, 9ನೇ ಶತಮಾನದ ಆಸ್ಥಾನದ ಮನಸ್ಸಿನ ಬಗ್ಗೆ ಅತ್ಯುತ್ತಮ ಸಾಕ್ಷಿ.

ಸಡಿಲ ಕೊಂಡಿ ಯಾವುದು

ಆರ್ನುಲ್ಫ್, ಅವನ ಮಗ ಅನ್ಸೆಗಿಸೆಲ್, ಅವನ ಮಗ 2ನೇ ಪಿಪಿನ್ (ಮರಣ 714), ಚಾರ್ಲ್ಸ್ ಮಾರ್ಟೆಲ್ (741), 3ನೇ ಪಿಪಿನ್ (768), ಶಾರ್ಲ್‌ಮೇನ್ (814). ಇದರಲ್ಲಿ ಅನ್ಸೆಗಿಸೆಲ್‌ನಿಂದ ಕೆಳಗೆ ಸಂಶಯವಿಲ್ಲ. 727ರ ಫ್ರಾಂಕರ ಇತಿಹಾಸವೊಂದು ಪಿಪಿನ್ನನನ್ನು ಅನ್ಸೆಗಿಸೆಲ್‌ನ ಮಗ ಎಂದು ಸ್ಪಷ್ಟವಾಗಿ ಹೇಳುತ್ತದೆ. ಅನ್ಸೆಗಿಸೆಲ್‌ನ ಹೆಂಡತಿ ಬೆಗ್ಗಾ ಹಿರಿಯ ಪಿಪಿನ್ನನ ಮಗಳು. ಆದರೆ ಆ ಇತಿಹಾಸ ಅನ್ಸೆಗಿಸೆಲ್‌ನ ತಂದೆ ಆರ್ನುಲ್ಫ್ ಎನ್ನುವುದಿಲ್ಲ. ಅದಕ್ಕೇ ಕೆಲವು ಇತಿಹಾಸಕಾರರು ಈ ಮೊದಲ ಕೊಂಡಿಯನ್ನೂ ಪ್ರಶ್ನಿಸಿದ್ದಾರೆ: 640ರ ಹೊತ್ತಿಗೆ ತೀರಿಕೊಂಡವನ ಮಗನ ಬಗ್ಗೆ 784ರ ಬರಹ ಹೇಳಿದರೆ ಮಧ್ಯೆ 140 ವರ್ಷ ಏನಾಯಿತು ಎಂಬುದು ಅವರ ವಾದ.

ನನಗೆ ಈ ಕೊಂಡಿ ನಿಲ್ಲುತ್ತದೆ ಅನ್ನಿಸುತ್ತದೆ. 2ನೇ ಪಿಪಿನ್ನನ ಮೊಮ್ಮಗನೊಬ್ಬನ ಹೆಸರು ಆರ್ನುಲ್ಫ್. ಪೌಲ್ ಬರೆಯುವುದಕ್ಕೆ ಎಷ್ಟೋ ಮುಂಚೆ, ಮನೆತನಕ್ಕೆ ರಾಜಪಟ್ಟವೇ ಇಲ್ಲದ ಕಾಲದಲ್ಲಿ ಇಟ್ಟ ಹೆಸರು ಅದು. ಫ್ರಾಂಕರ ದೊಡ್ಡ ಮನೆತನಗಳು ಹೆಸರನ್ನು ಹಿರಿಯರಿಂದಲೇ ಎತ್ತಿಕೊಳ್ಳುತ್ತಿದ್ದವು. 613ರಲ್ಲಿ ಜೊತೆಯಾಗಿ ನಿಂತ ಆರ್ನುಲ್ಫ್ ಮತ್ತು ಹಿರಿಯ ಪಿಪಿನ್ ತಮ್ಮ ಮಕ್ಕಳಿಗೆ ಮದುವೆ ಮಾಡಿದ್ದರೆ ಅದು ಆ ಕಾಲದ ರಾಜಕೀಯಕ್ಕೆ ಒಪ್ಪುವ ನಡೆ. ಖಚಿತ ಎನ್ನುವುದಕ್ಕಿಂತ ‘ಸಂಭವ ಹೆಚ್ಚು’ ಎಂಬ ಗುರುತು ಇದಕ್ಕೆ ಸರಿ.

ವಿಗ್ರಹದ ಬಿಷಪ್

ಫ್ರೆಂಚ್‌ನಲ್ಲಿ ‘ಸಂತ ಆರ್ನೂ’ ಎಂದರೆ ಕನಿಷ್ಠ ಇಬ್ಬರು. ಒಬ್ಬ ನಮ್ಮ ಮೆಟ್ಸ್‌ನ ಆರ್ನುಲ್ಫ್. ಇನ್ನೊಬ್ಬ ಅವನಿಗಿಂತ 450 ವರ್ಷ ಕಿರಿಯ: ಸುಮಾರು 1040ರಲ್ಲಿ ಫ್ಲಾಂಡರ್ಸ್‌ನ ಟೀಗೆಮ್‌ನಲ್ಲಿ ಹುಟ್ಟಿ, ಸೈನಿಕನಾಗಿದ್ದು, ಫ್ರಾನ್ಸ್‌ನ ಸ್ವಾಸೋಂ ಊರಿನ ಸಂತ ಮೆದಾರ್ ಮಠ ಸೇರಿ, ಅಲ್ಲಿನ ಬಿಷಪ್ ಆಗಿ, 1084ರಲ್ಲಿ ಔಡೆನ್‌ಬರ್ಗ್‌ನಲ್ಲಿ ಮಠ ಕಟ್ಟಿ, 1087ರಲ್ಲಿ ತೀರಿಕೊಂಡ ಆರ್ನೋಲ್ಡ್. ಬೆಲ್ಜಿಯಂನ ಬಿಯರ್ ತಯಾರಕರು ಪಾಲಕ ಸಂತನೆಂದು ಹಿಡಿದಿರುವುದು ಈ ಎರಡನೆಯವನನ್ನು. ಸೆಪ್ಟೆಂಬರ್ ಆರಂಭದ ಬಿಯರ್ ಹಬ್ಬಕ್ಕೆ ಬ್ರಸೆಲ್ಸ್‌ನ ಸಂತ ಗುಡುಲಾ ಕ್ಯಾಥೆಡ್ರಲ್‌ನಲ್ಲಿ ಪೂಜೆ ನಡೆಯುವುದೂ ಇವನ ಹೆಸರಲ್ಲೇ. ಪಿಡುಗು ಬಂದಾಗ ನೀರು ಬಿಟ್ಟು ಬಿಯರ್ ಕುಡಿಯಿರಿ ಎಂದು ಜನರಿಗೆ ಹೇಳಿ, ಕುದಿಯುವ ಹಂಡೆಗೆ ತನ್ನ ದಂಡ ಅದ್ದಿದ ಎಂಬ ಜನಪ್ರಿಯ ಕಥೆಯೂ ಇವನದೇ. ಕುದಿಸಿದರೆ ರೋಗಾಣು ಸಾಯುತ್ತವೆ ಎಂಬ ವಿವರಣೆ ಆ ಕಥೆಗೆ ನಮ್ಮ ಕಾಲದವರು ಕೊಟ್ಟದ್ದು. ‘ಮಧ್ಯಯುಗದಲ್ಲಿ ಯಾರೂ ನೀರು ಕುಡಿಯುತ್ತಿರಲಿಲ್ಲ’ ಎಂಬ ಮಾತನ್ನಂತೂ ಪುಸ್ತಕಕ್ಕೆ ಸೇರಿಸಬೇಡಿ. ಬಾವಿ, ಊಟೆ, ನದಿಯ ನೀರು ಎಲ್ಲರೂ ಕುಡಿಯುತ್ತಿದ್ದರು.

ಹಾಗೆಂದು ಮೆಟ್ಸ್‌ನವನಿಗೂ ಬಿಯರಿಗೂ ನಂಟೇ ಇಲ್ಲವೆಂದಲ್ಲ. ರೆಮಿರ್‌ಮೋಂನಿಂದ ಅವನ ದೇಹವನ್ನು ಮೆಟ್ಸ್‌ಗೆ ಹೊತ್ತು ತರುವಾಗ ದಾರಿಯಲ್ಲಿ ಪಾನೀಯ ಸಾಲದೆ ಹೋಯಿತು, ನೊಟ್ಟೋ ಎಂಬ ಅಧಿಪತಿ ಸಂತನನ್ನು ಬೇಡಿಕೊಂಡ, ಉಳಿದಿದ್ದ ಅಷ್ಟಿಷ್ಟು ಬಿಯರ್ ಎಲ್ಲರಿಗೂ ಸಾಕಾಗಿ ಮಿಕ್ಕಿತು ಎಂಬ ಪವಾಡಕಥೆ ಇದೆ. ಲೊರೇನ್‌ನ ಷಾಂಪಿನ್ಯೋಲ್ ಎಂಬ ಊರು ಅದು ತನ್ನಲ್ಲೇ ನಡೆದದ್ದು ಎನ್ನುತ್ತದೆ. ಗಮನಿಸಿ, ಇಲ್ಲಿ ಅವನು ಬಿಯರ್ ಕಾಯಿಸುವುದೂ ಇಲ್ಲ, ಕುಡಿಯಿರಿ ಎನ್ನುವುದೂ ಇಲ್ಲ. ತೀರಿಕೊಂಡ ಮೇಲಿನ ಪವಾಡ. ಮನುಷ್ಯನ ಬೆವರು, ದೇವರ ಪ್ರೀತಿ ಸೇರಿ ಬಿಯರ್ ಹುಟ್ಟಿತು ಎಂದು ಅವನು ಹೇಳಿದನೆಂದು ಅಂಗಿ, ಲೋಟಗಳ ಮೇಲೆ ಅಚ್ಚಾಗುವ ಮಾತು ಅವನ ಹಳೆಯ ಚರಿತ್ರೆಯಲ್ಲಿ ಇಲ್ಲ. ಬಿಯರಿನಲ್ಲಿ ಕಹಿ ರುಚಿ ಕೊಡುವ ಹಾಪ್ಸ್ ಹೂವಿನ ಬಳಕೆಯ ಸುಳಿವು ಕೊಡುವ ಮೊದಲ ಬರಹಗಳಲ್ಲೊಂದು 822ರದು, ಕಾರ್ಬಿ ಮಠದ ಅಡಾಲ್‌ಹಾರ್ಡನದು. ಅವನು ಚಾರ್ಲ್ಸ್ ಮಾರ್ಟೆಲ್‌ನ ಮೊಮ್ಮಗ, ಅಂದರೆ ಮೇಲಿನ ಕೊಂಡಿ ನಿಂತರೆ ಆರ್ನುಲ್ಫನದೇ ಕುಡಿ. ಮಾವನವರಿಗೆ ಬಿಯರ್ ನಂಟು ಬೇಕಿದ್ದರೆ ಪವಾಡಕ್ಕಿಂತ ಇದನ್ನು ಬರೆಯಿರಿ.

ಇಂಥ ಪಾಲಕತ್ವ ಹೆಚ್ಚಾಗಿ ಕಸುಬುದಾರರ ಸಂಘಗಳು ರೂಢಿಯಿಂದ ಹಿಡಿದದ್ದು. ಹೆಸರು ಒಂದೇ ಆದಾಗ ಒಬ್ಬನ ಕಥೆ, ಕೋಲು, ಹಬ್ಬ ಇನ್ನೊಬ್ಬನಿಗೆ ಸುಲಭವಾಗಿ ಜಾರುತ್ತದೆ. ಹಾಗಾಗಿ ವಿಗ್ರಹದ ತಲೆಯ ಮೇಲಿನ ಕಿರೀಟದಿಂದ ಏನೂ ತೀರ್ಮಾನವಾಗದು, ಇಬ್ಬರೂ ಬಿಷಪ್‌ಗಳೇ. ಕೈ ನೋಡಿ. ಮಾಲ್ಟ್ (ಬಿಯರಿಗಾಗಿ ಮೊಳಕೆ ಬರಿಸಿದ ಧಾನ್ಯ) ಕಲಸುವ, ತೂತುಗಳಿರುವ ಅಗಲ ತುದಿಯ ಕೋಲು ಇದ್ದರೆ ಫ್ಲಾಂಡರ್ಸ್ ಕಡೆಯ ಆರ್ನೋಲ್ಡ್ ಎಂದುಕೊಳ್ಳಬಹುದು. ಮೀನು, ಅದರ ಬಾಯಲ್ಲಿ ಅಥವಾ ಪಕ್ಕದಲ್ಲಿ ಉಂಗುರ ಇದ್ದರೆ ಮೆಟ್ಸ್‌ನವನು. ಒಳಗೆ ಕವಚ ಅಥವಾ ಕಾಲ ಬಳಿ ಆಯುಧ ಕಂಡರೆ ಮತ್ತೆ ಆರ್ನೋಲ್ಡ್‌ನ ಕಡೆಗೇ ವಾಲುತ್ತದೆ, ಅವನು ಹಿಂದೆ ಸೈನಿಕ. ಪೀಠದ ಅಡಿಭಾಗವನ್ನು ಓರೆ ಬೆಳಕಿನಲ್ಲಿ ಪರೀಕ್ಷಿಸಿ. ಕೆತ್ತಿದವರ ಗುರುತು, ಊರು, ಚೀಟಿ ಸಿಗಬಹುದು. ಕೋಲು ಬೇರೆ ಮರದ್ದಾಗಿದ್ದರೆ, ಅಂಟು ಹೊಸದಾಗಿದ್ದರೆ ಜಾಗ್ರತೆ: ಯಾವುದೋ ಬಿಷಪ್ ವಿಗ್ರಹದ ಮುರಿದ ದಂಡದ ಜಾಗದಲ್ಲಿ ಕಲಸುಕೋಲು ಸಿಕ್ಕಿಸಿ ಮಾರುವುದುಂಟು. ಮನೆಯಲ್ಲಿ ಹಬ್ಬ ಯಾವ ದಿನ ಮಾಡುತ್ತಿದ್ದರು ಎಂದೂ ಕೇಳಿ. ಮೆಟ್ಸ್‌ನವನದು ಜುಲೈ 18, ಆರ್ನೋಲ್ಡನದು ಆಗಸ್ಟ್ ಮಧ್ಯಭಾಗ.

ಪುಸ್ತಕದಲ್ಲಿ ಏನು ಅಚ್ಚು ಹಾಕಿಸಬೇಕು

ತಾಣದಲ್ಲಿದ್ದುದನ್ನೆಲ್ಲ ಇದ್ದಂತೆ ಅಚ್ಚು ಹಾಕಿಸಬಹುದು. ನೋಡಲು ಭರ್ಜರಿ. ಆದರೆ ಬ್ಲಿಥಿಲ್ಡ್ ಹೆಸರು ಕಂಡ ತಕ್ಷಣ ಬಲ್ಲವರು ಉಳಿದ ಪುಟಗಳನ್ನೂ ನಂಬುವುದಿಲ್ಲ, ನೀವು ಕಷ್ಟಪಟ್ಟು ಹುಡುಕಿದ ನಿಜವಾದ ತಲೆಮಾರುಗಳೂ ಆ ಸಂಶಯಕ್ಕೆ ಸಿಲುಕುತ್ತವೆ. ಇನ್ನೊಂದು ದಾರಿ, ಆರ್ನುಲ್ಫನ ಹೆಸರಿನ ಮೇಲೆ ಗೆರೆ ಎಳೆದು ನಿಲ್ಲಿಸುವುದು. ಇದು ಸುರಕ್ಷಿತ, ಆದರೆ ಎಲ್ಲರ ಬಾಯಲ್ಲಿರುವ ಕಥೆ ಏಕಿಲ್ಲ ಎಂದು ಮನೆಯವರು ಕೇಳುತ್ತಾರೆ. ನಾನಾದರೆ ಗೆರೆಯನ್ನು ಅಲ್ಲೇ ಎಳೆದು, ಮೇಲಿನದನ್ನು ಬೇರೆ ಬಣ್ಣದ ಪುಟದಲ್ಲಿ ‘ಶಾರ್ಲ್‌ಮೇನ್ ಆಸ್ಥಾನ ಹೇಳಿಕೊಂಡ ವಂಶ’ ಎಂಬ ತಲೆಬರಹದಡಿ ಕೊಡುತ್ತೇನೆ, ಪ್ರತಿ ಹೆಸರಿನ ಪಕ್ಕ ಅದು ಮೊದಲು ಕಾಣಿಸಿಕೊಂಡ ಕಾಲ ಬರೆಯುತ್ತೇನೆ. ತಂದೆಯ ಜಾಗದಲ್ಲಿ ‘ಹೆಸರು ತಿಳಿದಿಲ್ಲ, ಫ್ರಾಂಕ್ ಕುಲೀನ ಮನೆತನ’ ಎಂದಿರಲಿ. ಇದರ ಅಪಾಯ ಒಂದೇ: ಆ ಪುಟದ ಫೋಟೊ ತೆಗೆದು ಯಾರೋ ತಲೆಬರಹ ಕತ್ತರಿಸಿ ಹಂಚುತ್ತಾರೆ. ಅದಕ್ಕೆ ಪುಟದ ಮಧ್ಯದಲ್ಲೇ, ಹೆಸರುಗಳ ನಡುವೆಯೇ ‘ಆಧಾರ 9ನೇ ಶತಮಾನದ್ದು’ ಎಂದು ಅಚ್ಚಾಗಲಿ.

ಗಣಕದಲ್ಲಿ ಕಡತ ಇಟ್ಟುಕೊಂಡಿದ್ದರೆ ವಂಶವೃಕ್ಷದ ಕಡತಗಳಿಗೆ ಬಳಸುವ ಗೆಡ್‌ಕಾಮ್ 5.5.1 ಮಾದರಿಯಲ್ಲಿ ಮಗು ಮತ್ತು ಹೆತ್ತವರ ಕೊಂಡಿಗೆ ‘ಸಾಬೀತು’, ‘ಪ್ರಶ್ನಿತ’, ‘ಸುಳ್ಳೆಂದು ಸಿದ್ಧ’ ಎಂಬ ಮೂರು ಸ್ಥಿತಿಗಳಿಗೆ ಅವಕಾಶವಿದೆ. ಆಧಾರದ ಗಟ್ಟಿತನಕ್ಕೆ 0ಯಿಂದ 3ರವರೆಗೆ ಅಂಕ ಕೊಡಬಹುದು. ಆರ್ನುಲ್ಫ್–ಅನ್ಸೆಗಿಸೆಲ್ ಕೊಂಡಿಗೆ ‘ಪ್ರಶ್ನಿತ’, ಅಂಕ 2. ಆರ್ನೋಆಲ್ಡ್–ಆರ್ನುಲ್ಫ್ ಕೊಂಡಿಗೆ ‘ಪ್ರಶ್ನಿತ’, ಅಂಕ 0. 2ನೇ ಕ್ಲೋಥಾರನ ಮಗಳು ಬ್ಲಿಥಿಲ್ಡ್ ಎಂಬುದಕ್ಕೆ ‘ಸುಳ್ಳೆಂದು ಸಿದ್ಧ’. ಕೆಲವು ತಂತ್ರಾಂಶಗಳು ಕಡತ ಹೊರತೆಗೆಯುವಾಗ ಈ ಗುರುತುಗಳನ್ನು ಬಿಟ್ಟುಬಿಡುತ್ತವೆ, ಹಾಗಾಗಿ ಟಿಪ್ಪಣಿಯಲ್ಲೂ ಮಾತಿನಲ್ಲಿ ಬರೆದಿಡಿ. ಎಲ್ಲರೂ ತಿದ್ದಬಹುದಾದ ಹಂಚಿಕೆಯ ವೃಕ್ಷದಲ್ಲಿ ನೀವು ಅಳಿಸಿದ ತಂದೆಯನ್ನು ವಾರದೊಳಗೆ ಮತ್ತೊಬ್ಬರು ಸೇರಿಸಿರುತ್ತಾರೆ. ಅಚ್ಚಿಗೆ ನಿಮ್ಮದೇ ಪ್ರತಿಯನ್ನು ಮಾತ್ರ ಬಳಸಿ. ಮೂಲ ಲ್ಯಾಟಿನ್ ಪಠ್ಯಗಳನ್ನು ನೋಡಬೇಕೆಂದರೆ ಜರ್ಮನಿಯ ಮೊನುಮೆಂಟಾ ಗ್ರಂಥಮಾಲೆ ಉಚಿತವಾಗಿ ಆನ್‌ಲೈನ್‌ನಲ್ಲಿದೆ: ಹಳೆಯ ಚರಿತ್ರೆ ಮೆರೋವಿಂಜಿಯನ್ ಸರಣಿಯ 2ನೇ ಸಂಪುಟದಲ್ಲಿ (1888), ಪೌಲನ ಬಿಷಪ್ ಚರಿತ್ರೆ ದೊಡ್ಡ ಸರಣಿಯ 2ನೇ ಸಂಪುಟದಲ್ಲಿ, ವಂಶಸ್ಮರಣೆ ಅದೇ ಸರಣಿಯ 13ನೆಯದರಲ್ಲಿ.

ನೀವು ಕೇಳದ ಒಂದು ವಿಷಯ ಹೇಳಲೇಬೇಕು. 7ನೇ ಶತಮಾನಕ್ಕಿಂತ ನಿಮ್ಮ ವೃಕ್ಷ ಮುರಿಯುವ ಸಂಭವ ಹೆಚ್ಚಿರುವುದು 17ನೇ ಶತಮಾನದಲ್ಲಿ. ಶಾರ್ಲ್‌ಮೇನ್‌ನಿಂದ ಇಂದಿಗೆ ಸುಮಾರು 40 ತಲೆಮಾರು. ಪ್ರತಿ ತಲೆಮಾರಿಗೆ ಇಬ್ಬರಂತೆ ಹಿಂದಕ್ಕೆ ಎಣಿಸಿದರೆ ಪೂರ್ವಜರ ಸ್ಥಾನಗಳು ಒಂದು ಲಕ್ಷ ಕೋಟಿ ದಾಟುತ್ತವೆ, ಅಷ್ಟು ಜನ ಭೂಮಿಯ ಮೇಲೇ ಇರಲಿಲ್ಲ. ಹಾಗಾಗಿ ಯುರೋಪಿಯನ್ ಮೂಲದವರಲ್ಲಿ ಬಹುತೇಕರು ಅವನ ಕುಡಿಗಳೇ ಇರಬೇಕು ಎಂದು ಸಂಖ್ಯಾಶಾಸ್ತ್ರದ ಲೆಕ್ಕ ಹೇಳುತ್ತದೆ. ಕಾಗದದಲ್ಲಿ ತೋರಿಸುವುದು ಬೇರೆ ಮಾತು. ಲೂವೆನ್‌ನವರಿಗೆ ಗಟ್ಟಿ ದಾರಿಯೊಂದಿದೆ: ಶಾರ್ಲ್‌ಮೇನ್ ವಂಶದ ಕೆಳ ಲೊರೇನ್ ಅಧಿಪತಿ ಚಾರ್ಲ್ಸ್‌ನ ಮಗಳು ಗೆರ್‌ಬೆರ್ಗಾ ಲೂವೆನ್ನಿನ ಕೌಂಟ್ 1ನೇ ಲ್ಯಾಂಬರ್ಟನನ್ನು ಮದುವೆಯಾದಳು, ಬ್ರಬಾಂಟ್‌ನ ಡ್ಯೂಕ್‌ಗಳು ಅವರ ಸಂತತಿ. ಮಾವನವರ ಮನೆತನ ಆ ಡ್ಯೂಕ್ ಮನೆತನಕ್ಕೆ ಎಲ್ಲಿ ಸೇರುತ್ತದೆ ಎಂಬುದನ್ನೇ ಹಿಡಿದು ಪರೀಕ್ಷಿಸಿ.

ಇಂದಿನಿಂದ ಹಿಂದಕ್ಕೆ ಹೋಗಿ. 1796ರಿಂದ ಈಚೆಗೆ ಸರ್ಕಾರಿ ಜನನ, ವಿವಾಹ, ಮರಣ ದಾಖಲೆ. ಅದಕ್ಕೂ ಹಿಂದೆ ಚರ್ಚಿನ ದೀಕ್ಷಾಸ್ನಾನ, ಮದುವೆ ಪುಸ್ತಕ. ಬೆಲ್ಜಿಯಂ ರಾಜ್ಯ ಪತ್ರಾಗಾರ ಇವುಗಳ ಚಿತ್ರಗಳನ್ನು ಆನ್‌ಲೈನ್‌ನಲ್ಲಿ ಇಟ್ಟಿದೆ. ಪ್ರತಿ ತಲೆಮಾರಿಗೂ ಹೆತ್ತವರ ಹೆಸರು ಹೇಳುವ ಒಂದು ದಾಖಲೆಯ ಚಿತ್ರ ನಿಮ್ಮ ಕೈಯಲ್ಲಿರಬೇಕು. ಹೆರಿಗೆಯ ಹೊತ್ತಿಗೆ ತಾಯಿಗೆ 15ಕ್ಕಿಂತ ಕಡಿಮೆ ಅಥವಾ 50ಕ್ಕಿಂತ ಹೆಚ್ಚು ವಯಸ್ಸು ಬಂದರೆ, ತಂದೆ ಸತ್ತು ಒಂಬತ್ತು ತಿಂಗಳ ಮೇಲೆ ಮಗು ಹುಟ್ಟಿದ್ದರೆ, ಒಂದೇ ಊರಿನ ಒಂದೇ ಹೆಸರಿನ ಇಬ್ಬರನ್ನು ಒಬ್ಬನೆಂದು ಹೊಲಿದಿದ್ದರೆ ಅಲ್ಲಿ ನಿಲ್ಲಿ. ಹಳ್ಳಿಯ ಬಿಯರ್ ತಯಾರಕನ ಹೆಂಡತಿ ದಿಢೀರನೆ ಕುಲೀನ ಮನೆತನದವಳಾಗಿ, ಅವಳ ಊರು ನೂರು ಕಿಲೋಮೀಟರ್ ಆಚೆ ಇದ್ದು, ಮದುವೆ ದಾಖಲೆ ಇಲ್ಲದಿದ್ದರೆ ಅದೇ ಮುರಿದ ಜಾಗ. ಅಂಥ ಕಡೆ ಚರ್ಚ್ ಪುಸ್ತಕದ ಜೊತೆಗೆ ಆಸ್ತಿ ಹಂಚಿಕೆಯ ಪತ್ರ, ಸ್ಥಳೀಯ ನ್ಯಾಯಮಂಡಳಿಯ ದಾಖಲೆ ನೋಡಬೇಕು. ಆಸ್ತಿಯ ಪತ್ರದಲ್ಲಿ ವಾರಸುದಾರರೆಲ್ಲರ ಹೆಸರು ಬರುವುದರಿಂದ ನಂಟು ಅಲ್ಲಿ ಬೇಗ ಬಯಲಾಗುತ್ತದೆ. ಆ ಕೊಂಡಿ ಸಿಗದಿದ್ದರೆ ಮನೆತನದ ಪುಟಗಳನ್ನು ಸಿಕ್ಕ ಕೊನೆಯ ದಾಖಲೆಗೆ ಮುಗಿಸಿ, ಆರ್ನುಲ್ಫನ ಪುಟವನ್ನು ವಿಗ್ರಹದ ಚಿತ್ರದ ಜೊತೆ ಪ್ರತ್ಯೇಕ ಲೇಖನವಾಗಿ ಕೊಡಿ.